ಸದ್ದಿಲ್ಲದ ಕೋವಿ

ಅಲೆಕ್ಸಾಂಡ್ರಾ
ಮೇ 12, 2023

ಅಪ್ಪನಿಗೆ,

ನಿನ್ನೆ ಫೋನ್ ಮಾಡಿದ್ದೆ. ನೀನು ಎತ್ತಿಕೊಂಡು, "ಯಾರದು? ಜೋರಾಗಿ ಹೇಳ್ರಿ! ಏನೂ ಬೇಕಾಗಿಲ್ಲ ನಮಗೆ!" ಎಂದು ಕೂಗಿ ಇಟ್ಟುಬಿಟ್ಟೆ. ಹಾಗಾಗಿ ಈ ಪತ್ರ. ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಾವಿಬ್ಬರೂ ಒಬ್ಬರಿಗೊಬ್ಬರು ಏನೂ ಬರೆದುಕೊಂಡಿಲ್ಲ. ಆದರೂ ಈ ವಿಷಯ ಕೇಳಲು ನಿನ್ನನ್ನು ಬಿಟ್ಟರೆ ನನಗೆ ಬೇರೆ ಯಾರೂ ಹೊಳೆಯಲಿಲ್ಲ.

ನದಿಯ ಮೇಲಿನ ದಿಣ್ಣೆಯಲ್ಲಿ ಏಪ್ರಿಕಾಟ್ ಸಸಿ ಹಾಕಿದ್ದೇವೆ. ಎರಡು ವರ್ಷದ ಗಿಡಗಳು. ಸುತ್ತ ಬಲೆ ಕಟ್ಟಿಸಿದೆವು. ಆದರೆ ಬಂಡೆ ಇರುವ ಕಡೆ ಬಲೆಯನ್ನು ಮಣ್ಣಿನೊಳಕ್ಕೆ ಇಳಿಸಲು ಆಗಲಿಲ್ಲ. ಮೊಲಗಳು ಅಲ್ಲಿಂದಲೇ ನುಗ್ಗುತ್ತವೆ. ಇಲ್ಲಿ ಚಳಿಗಾಲ ಹತ್ತಿರ ಬಂದು ಹುಲ್ಲು ಒಣಗಿದ ಮೇಲೆ ಸಸಿಗಳ ತೊಗಟೆಗೆ ಬಾಯಿ ಹಾಕಿವೆ. ಸುತ್ತಲೂ ಸುಲಿದರೆ ಗಿಡ ಹೋದ ಹಾಗೇ ಎಂದು ನಿನಗೆ ಹೇಳಬೇಕಾಗಿಲ್ಲ. ನಾಯಿ ಇರುವುದರಿಂದ ವಿಷ ಇಡುವಂತಿಲ್ಲ.

ಸಣ್ಣ ಕೋವಿ ಒಂದು ಬೇಕು. ಸೈಲೆನ್ಸರ್ ಹಾಕುವಂಥದ್ದು. ಆದಷ್ಟೂ ಸದ್ದಿಲ್ಲದ್ದು. ನೀನು ನನಗೆ ಹದಿನಾರಕ್ಕೆ ಮಾಡಿಸಿಕೊಟ್ಟ ಲೈಸೆನ್ಸನ್ನು ನಾನು ಬಿಟ್ಟಿಲ್ಲ, ನವೀಕರಿಸಿಕೊಂಡು ಬಂದಿದ್ದೇನೆ. ಅಂಗಡಿಯವನು ಮೂರು ತೋರಿಸಿದ. ಮೂರನ್ನೂ ಹೊಗಳಿದ. ನಿನ್ನ ಜೀವಮಾನವೆಲ್ಲ ಮೊಲ ಹೊಡೆಯುವ ಸಂಬಳದ ಕೆಲಸದಲ್ಲೇ ಕಳೆದಿದೆ. ಯಾವುದು ತೆಗೆದುಕೊಳ್ಳಲಿ, ಬರೆ.

ರೋನಾ


ರಿವರ್ಟನ್
ಮೇ 21

ರೋನಾಗೆ,

ಕಾಗದ ತಲುಪಿತು. ಫೋನಿನಲ್ಲಿ ಯಾರಾದರೂ ಮಾತಾಡಿದರೆ ನನಗೆ ಡಬ್ಬದೊಳಗೆ ನೊಣ ಹೊಕ್ಕ ಹಾಗೆ ಕೇಳುತ್ತದೆ. ಮುಂದೆಯೂ ಬರೆಯುವುದೇ ಒಳ್ಳೆಯದು.

ಅಂಗಡಿಯವನು ಮೂರು ತೋರಿಸಿದ್ದಾನೆ ಎಂದರೆ ಅದರಲ್ಲಿ ಒಂದು ಪಾಯಿಂಟ್ ಹದಿನೇಳರ ಅಳತೆಯ ತೋಟಾ ಹಾಕುವಂಥದ್ದು ಇದ್ದೇ ಇರುತ್ತದೆ. ಅದು ಬೇಡ. ಬಹಳ ದೂರ ನೇರ ಹೋಗುತ್ತದೆ, ನಿಜ. ಆದರೆ ಆ ಗುಂಡು ಸದ್ದಿಗಿಂತ ವೇಗವಾಗಿ ಓಡುತ್ತದೆ. ಹಾಗೆ ಓಡುವ ಗುಂಡು ಗಾಳಿಯಲ್ಲೇ ಚಾಟಿ ಬೀಸಿದ ಹಾಗೆ ಛಟೀರ್ ಎನ್ನುತ್ತದೆ. ಸೈಲೆನ್ಸರ್ ನಳಿಗೆಯ ಬಾಯಿಯ ಸದ್ದನ್ನು ತಡೆಯಬಲ್ಲದು. ಗಾಳಿಯಲ್ಲಿ ಆಗುವ ಸದ್ದನ್ನು ಯಾವ ಡಬ್ಬಿಯೂ ತಡೆಯಲಾರದು.

ಪಾಯಿಂಟ್ ಟೂಟೂ ತೆಗೆದುಕೋ. ಸಾಮಾನ್ಯದ್ದು, ಹೆಚ್ಚು ಮದ್ದಿನ ಮ್ಯಾಗ್ನಂ ಅಲ್ಲ. ಅದಕ್ಕೆ ನಿಧಾನದ ತೋಟಾ ಸಿಗುತ್ತದೆ, ಪೆಟ್ಟಿಗೆಯ ಮೇಲೆ ಸಬ್‌ಸೋನಿಕ್ ಎಂದು ಬರೆದಿರುತ್ತದೆ. ಅದನ್ನೇ ಹಾಕಬೇಕು. ಆದರೆ ನಿಧಾನದ ಗುಂಡು ಬೇಗ ಕೆಳಗೆ ಬೀಳುತ್ತದೆ. ಐವತ್ತು ಮೀಟರಿನ ಒಳಗೆ ಹೊಡೆ. ತೆವಳಿಕೊಂಡು ಹತ್ತಿರ ಹೋಗುವುದನ್ನು ಮರೆತಿದ್ದರೆ ಮತ್ತೆ ಕಲಿ.

ಪಿಸ್ತೂಲು ಎಂದು ಯಾರಾದರೂ ತಲೆ ತುಂಬಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಈ ದೇಶದಲ್ಲಿ ಅದನ್ನು ಶೂಟಿಂಗ್ ಕ್ಲಬ್ಬಿನಾಚೆ ಹೊಡೆಯುವಂತಿಲ್ಲ. ಅಲ್ಲದೆ, ನಡುಗುವ ಕೈಯಲ್ಲಿ ಅಷ್ಟು ಗಿಡ್ಡ ನಳಿಗೆ ಹಿಡಿದು ಮೊಲ ಹೊಡೆದವನನ್ನು ನಾನು ನೋಡಿಲ್ಲ.

ಒಂದು ಅರ್ಥವಾಗಲಿಲ್ಲ. ಅಷ್ಟು ಸದ್ದಿಲ್ಲದ್ದು ಯಾಕೆ? ಮೊಲಗಳು ಪೊಲೀಸರಿಗೆ ದೂರು ಕೊಡುವುದಿಲ್ಲ. ಪಕ್ಕದ ತೋಟದವರೂ ರೈತರೇ ತಾನೆ?

ಮನೆಯಲ್ಲಿ ಎಲ್ಲ ಚೆನ್ನಾಗಿರಬಹುದು.

ಅಪ್ಪ


ಅಲೆಕ್ಸಾಂಡ್ರಾ
ಜೂನ್ 3

ಅಪ್ಪಾ,

'ಮನೆಯಲ್ಲಿ ಎಲ್ಲ' ಎಂದು ನೀನು ಬರೆದವನಿಗೆ ಒಂದು ಹೆಸರಿದೆ. ರೆವಿ. ನಾವು ಮದುವೆಯಾಗಿ ಆರು ವರ್ಷವಾಯಿತು.

ಯಾಕೆ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ಅವನು ಸೈನ್ಯದಲ್ಲಿದ್ದಾಗ ಹೂತಿಟ್ಟ ಬಾಂಬು ಹುಡುಕಿ ತೆಗೆಯುವ ದಳದಲ್ಲಿದ್ದ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಪಕ್ಕದ ಚೆರ್ರಿ ತೋಟದವರು ಹಣ್ಣಿನ ಕಾಲದಲ್ಲಿ ಹಕ್ಕಿ ಓಡಿಸಲು ಗ್ಯಾಸಿನ ತೋಪು ಇಡುತ್ತಾರೆ. ಬೆಳಕು ಹರಿದರೆ ಢಮ್, ಮತ್ತೆ ಢಮ್. ಆ ತಿಂಗಳುಗಳಲ್ಲಿ ರೆವಿ ಕಿವಿಗೆ ಸದ್ದು ತಡೆಯುವ ದಪ್ಪನೆಯ ಮಫ್ ಹಾಕಿಕೊಂಡೇ ಊಟ ಮಾಡುತ್ತಾನೆ. ಅದಾದರೂ ಪರವಾಗಿಲ್ಲ, ಯಾವಾಗ ಬರುತ್ತದೆ ಎಂದು ಗೊತ್ತಿರುತ್ತದೆ.

ಏಪ್ರಿಲಿನಲ್ಲಿ ಪಕ್ಕದವನು ನಮ್ಮ ಬೇಲಿಯ ಹತ್ತಿರ ಒಂದು ಮೊಲಕ್ಕೆ ದೊಡ್ಡ ಕೋವಿಯಲ್ಲಿ ಹೊಡೆದ. ನಮಗೆ ಉಪಕಾರ ಮಾಡೋಣ ಅಂತಲೇ. ರೆವಿ ಏಣಿಯ ಮೇಲೆ ಹಳೇ ಮರವೊಂದರ ಕೊಂಬೆ ಸವರುತ್ತಿದ್ದ. ನಾನು ಹೋಗಿ ನೋಡಿದಾಗ ನೀರಿನ ಕಾಲುವೆಯಲ್ಲಿ ಬೋರಲಾಗಿ ಮಲಗಿದ್ದ, ಕೈ ತಲೆಯ ಮೇಲೆ. "ರೆವಿ, ನಾನು" ಎಂದೆ. ನನ್ನನ್ನು ನೋಡಿದ, ಗುರುತು ಹಿಡಿಯಲಿಲ್ಲ. ಎದ್ದು ಬರುವಷ್ಟರಲ್ಲಿ ಕತ್ತಲಾಗುತ್ತಾ ಬಂದಿತ್ತು. ಮರುದಿನ ಪಕ್ಕದವನು ಕ್ಷಮೆ ಕೇಳಲು ಬಂದ. ರೆವಿ, "ಬಿಡಯ್ಯ, ಕಾಲುವೆ ಕ್ಲೀನ್ ಆಯ್ತು" ಎಂದು ನಗಿಸಿ ಕಳಿಸಿದ. ಆಮೇಲೆ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಈ ಗಿಡಗಳು ಹೋದರೆ ನಾವು ಇಲ್ಲಿಂದ ಹೊರಡಬೇಕಾಗುತ್ತದೆ. ಇನ್ನೊಂದು ಊರು ಅವನ ಕೈಲಿ ಆಗುವುದಿಲ್ಲ. ಅದಕ್ಕೆ ಸದ್ದಿಲ್ಲದ್ದು ಬೇಕು.

ಅಂಗಡಿಗೆ ಮತ್ತೆ ಹೋಗಿದ್ದೆ. "ಹದಿನೇಳು ಬೇಡ" ಅಂದೆ. "ಯಾರೋ ಗೊತ್ತಿರೋರೇ ಹೇಳ್ಕೊಟ್ಟಿದಾರೆ ಬಿಡಮ್ಮ" ಎಂದು ನಕ್ಕ. ಈಗ ಉಳಿದದ್ದು ಎರಡು. ಒಂದು, ಕುದುರೆ ಎಳೆದ ಹಾಗೆಲ್ಲ ತಾನೇ ಮುಂದಿನ ತೋಟಾ ತುಂಬಿಕೊಳ್ಳುತ್ತದೆ. ಇನ್ನೊಂದರಲ್ಲಿ ಪ್ರತಿ ಸಲ ಬೋಲ್ಟನ್ನು ಕೈಯಲ್ಲಿ ಎಳೆಯಬೇಕು. ಮೊದಲನೆಯದು ಕೈಗೆ ಚೆನ್ನಾಗಿ ಕೂರುತ್ತದೆ. ಏನು ಹೇಳುತ್ತೀ?

ರೋನಾ


ರಿವರ್ಟನ್
ಜೂನ್ 11

ರೋನಾಗೆ,

ರೆವಿಯ ವಿಷಯ ಓದಿದೆ. ಎರಡು ಸಲ ಓದಿದೆ.

ಮೊದಲು ಕೋವಿ. ಬೋಲ್ಟ್ ಇರುವುದೇ ಸರಿ. ತಾನೇ ತುಂಬಿಕೊಳ್ಳುವ ಕೋವಿಯಲ್ಲಿ ಹೊಡೆದ ಕೂಡಲೇ ಒಳಗಿನ ಕಬ್ಬಿಣ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ, ಆ ಕಟಕಟ ಸೈಲೆನ್ಸರಿಗೆ ಸಿಗುವುದಿಲ್ಲ. ಸ್ವಲ್ಪ ಸದ್ದು, ಸ್ವಲ್ಪ ಹೊಗೆ ಪಕ್ಕದ ಕಿಂಡಿಯಿಂದ ನಿನ್ನ ಮುಖಕ್ಕೇ ಬರುತ್ತದೆ. ನಿಧಾನದ ತೋಟಾದಲ್ಲಿ ಅದನ್ನು ಹಿಂದಕ್ಕೆ ತಳ್ಳುವಷ್ಟು ಕಸುವೂ ಇರುವುದಿಲ್ಲ, ನಡುವೆ ಸಿಕ್ಕಿಕೊಳ್ಳುತ್ತದೆ. ಬೋಲ್ಟಿನದ್ದಾದರೆ ಹೊಡೆದು ಸುಮ್ಮನಿರಬಹುದು. ಯಾವಾಗ ತೆರೆಯಬೇಕು ಎನ್ನುವುದು ನಿನ್ನ ಕೈಯಲ್ಲಿ.

ನಳಿಗೆ ಗಿಡ್ಡ ಇರಲಿ, ಹದಿನಾರು ಇಂಚು ಧಾರಾಳವಾಯಿತು. ಮುಂದೆ ಸೈಲೆನ್ಸರ್ ಸೇರಿದ ಮೇಲೆ ಉದ್ದವಾಗುತ್ತದೆ, ಗಿಡಗಳ ನಡುವೆ ತಡವರಿಸಬೇಕಾಗುತ್ತದೆ. ಸೈಲೆನ್ಸರ್ ಕೂರುವ ತಿರುಪು ಕಾರ್ಖಾನೆಯಲ್ಲೇ ಕೊರೆದದ್ದೇ ನೋಡು. ಬಿಚ್ಚಿ ತೊಳೆಯಲು ಬರುವ ಸೈಲೆನ್ಸರ್ ಕೇಳು. ಈ ಸಣ್ಣ ತೋಟಾ ಬಹಳ ಕೊಳಕು, ಸೀಸದ ಪುಡಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಬಿಚ್ಚಲು ಬಾರದಿದ್ದರೆ ಎರಡು ಚಳಿಗಾಲದಲ್ಲಿ ಕಲ್ಲಾಗುತ್ತದೆ.

ಇನ್ನು ಇನ್ನೊಂದು.

ಆ ಕೋವಿ ಇರುವ ಬೀರುವಿನ ಬೀಗದ ಕೈ ಎಲ್ಲಿರುತ್ತದೆ? ಯಾರ ಹತ್ತಿರ? ಕಾಲುವೆಯಲ್ಲಿ ಮಲಗಿದ ದಿನದಂಥ ದಿನ ಅವನ ತಲೆಯಲ್ಲಿ ಏನು ಓಡುತ್ತದೆ ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ? ಸಾಯಬೇಕು ಅನ್ನಿಸುತ್ತದಾ ಎಂದು? ಈ ಮಾತಿನಲ್ಲೇ ಕೇಳಬೇಕು. ಸುತ್ತಿ ಬಳಸಿ ಕೇಳಿದರೆ ಸುತ್ತಿ ಬಳಸಿದ ಉತ್ತರವೇ ಬರುತ್ತದೆ.

ನನಗೆ ಬರೆದು ತಿಳಿಸಬೇಕಾಗಿಲ್ಲ. ಅವನನ್ನು ಕೇಳು. ಕೇಳುವ ಮೊದಲು ಕೋವಿ ಮನೆಗೆ ತರಬೇಡ.

ಅಪ್ಪ


ಅಲೆಕ್ಸಾಂಡ್ರಾ
ಜೂನ್ 19

ಅಪ್ಪಾ,

ನಾನು ಕೇಳಿದ್ದು ಕೋವಿಯ ವಿಷಯ. ಗಂಡನ ವಿಷಯವಲ್ಲ. ಅವನ ಮುಖವನ್ನು ಒಂದು ಸಲವೂ ನೋಡದವನು ಅವನು ಏನು ಮಾಡಿಕೊಳ್ಳಬಹುದು ಎಂದು ಅಲ್ಲಿ ಕುಳಿತು ಲೆಕ್ಕ ಹಾಕುವುದು ಬೇಡ.

ಬೋಲ್ಟಿನದ್ದಕ್ಕೇ ಹೇಳಿ ಬಂದಿದ್ದೇನೆ. ಬೀರು ಗೋಡೆಗೆ ಕೂರಿಸಿ ಆಯಿತು. ಪೊಲೀಸರು ಬಂದು ನೋಡಿ ಒಪ್ಪಿದರೆ ತರುತ್ತೇನೆ. ಸಹಾಯಕ್ಕೆ ಥ್ಯಾಂಕ್ಸ್.

ರೋನಾ


ರಿವರ್ಟನ್
ಜುಲೈ 2

ರೋನಾಗೆ,

ಇಲ್ಲಿ ದಕ್ಷಿಣದ ಚಳಿಗಾಳಿ ಜೋರು. ದೋಣಿಗಳು ಹೊರಟಿಲ್ಲ. ಈ ವಾರ ಸಿಂಪಿ ಸಿಗಲಿಲ್ಲ, ಚೀಸ್ ರೋಲ್ ಸುಟ್ಟುಕೊಂಡು ತಿಂದೆ.

ಸೈಲೆನ್ಸರ್ ತಿರುಗಿಸಿ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡು. ತೋಟಾ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡು. ಆ ಕಡೆಯ ತೂತು ನಟ್ಟನಡುವೆ ಕಾಣಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಗುಂಡು ಒಳಗಿನ ತಗಡಿಗೆ ತಾಗುತ್ತದೆ. ಹಾಗಿದ್ದರೆ ಹೊಡೆಯದೆ ಅಂಗಡಿಗೇ ವಾಪಸು ಕೊಡು. ಗುರಿ ಸರಿಮಾಡುವಾಗ ಸೈಲೆನ್ಸರ್ ಹಾಕಿಯೇ ಮಾಡು. ಬಿಚ್ಚಿದರೆ ಗುಂಡು ಬೇರೆ ಕಡೆ ಬೀಳುತ್ತದೆ.

ನಿಮ್ಮ ಕಡೆ ಬಂಡೆ ಜಾಸ್ತಿ. ನಿಧಾನದ ಗುಂಡು ಕಲ್ಲಿಗೆ ಬಡಿದರೆ ಪುಡಿಯಾಗದೆ ಹಾರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇದ್ದರೆ ಮಾತ್ರ ಹೊಡೆ. ಸದ್ದಿಲ್ಲದ ಕೋವಿ ಹಿಡಿದು ಯಾರೋ ತೋಟದಲ್ಲಿದ್ದಾರೆ ಎಂದು ಬೇರೆಯವರಿಗೆ ಗೊತ್ತಾಗುವುದಿಲ್ಲ. ಮೊದಲೇ ಹೇಳಿ ಹೋಗು.

ಹೋದ ಕಾಗದದಲ್ಲಿ ಬರೆದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಪ್ಪ


ಅಲೆಕ್ಸಾಂಡ್ರಾ
ಜುಲೈ 24

ಮೆಕ್ರೇ ಅವರಿಗೆ,

ನಮಸ್ಕಾರ. ನಾನು ರೆವಿ. ನಿಮ್ಮ ಮಗಳು ಮೊಲದ ಕಾಗದಗಳನ್ನೆಲ್ಲ ನನಗೆ ಓದಲು ಕೊಡುತ್ತಿದ್ದಳು. ಜೂನ್ ತಿಂಗಳದ್ದನ್ನು ಮಾತ್ರ ಕೊಟ್ಟಿರಲಿಲ್ಲ. ಎರಡು ವಾರದ ಹಿಂದೆ ಕೊಟ್ಟಳು. ಅದಕ್ಕೂ ಮೊದಲು ನಡೆದದ್ದನ್ನು ಬರೆಯುತ್ತೇನೆ.

ಬೀರು ನೋಡಲು ಪೊಲೀಸಿನವರು ಬಂದಿದ್ದರು. ವಯಸ್ಸಾದ ಹೆಂಗಸು, ಒಳ್ಳೆಯವರು. ಬೀಗ ಎಳೆದು ನೋಡಿದರು, ಮೊಳೆ ನೋಡಿದರು, ಆಮೇಲೆ ಚಹಾ ಕುಡಿಯಲು ಕೂತರು. ಕೂತ ಮೇಲೆ ರೋನಾಳನ್ನು ಕೇಳಿದರು: "ಮನೇಲಿ ಯಾರಿಗಾದ್ರೂ ಮನಸ್ಸಿಗೆ ತೊಂದ್ರೆ ಏನಾದ್ರೂ ಇದೆಯಾಮ್ಮ? ಇದನ್ನ ಎಲ್ರನ್ನೂ ಕೇಳ್ತೀವಿ."

ರೋನಾ ಕೆಟಲ್ ಕಡೆ ನೋಡಿದಳು. ಬಹಳ ಹೊತ್ತು ಅಲ್ಲ. ಆದರೆ ಅವಳು ಈಗ ಸುಳ್ಳು ಹೇಳುತ್ತಾಳೆ, ನನಗಾಗಿ ಹೇಳುತ್ತಾಳೆ, ಆಮೇಲೆ ಆ ಸುಳ್ಳನ್ನು ಅವಳೊಬ್ಬಳೇ ಹೊತ್ತುಕೊಂಡು ಓಡಾಡುತ್ತಾಳೆ ಎಂದು ನನಗೆ ಕಂಡಿತು.

ನಾನೇ ಹೇಳಿದೆ: "ಇದೆ ಮೇಡಂ. ನನಗೇ."

ಅವರು ಕಪ್ಪು ಕೆಳಗಿಟ್ಟರು. "ಎಷ್ಟು ಮಟ್ಟಿಗೆ?" ಎಂದು ಕೇಳಿದರು. "ಕೆಲವು ದಿನ ಇರೋದೇ ಬೇಡ ಅನ್ಸೋ ಮಟ್ಟಿಗೆ" ಎಂದೆ. ಹೆಂಡತಿಗೆ ಹೇಳದಿದ್ದ ಮಾತನ್ನು ಬಿಸ್ಕತ್ತು ಅದ್ದುತ್ತಿದ್ದ ಅಪರಿಚಿತರಿಗೆ ಹೇಳಿಬಿಟ್ಟೆ. ರೋನಾ ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ, ಸೌದೆ ಒಡೆಯುತ್ತಿದ್ದಳು. ಒಡೆದದ್ದನ್ನೇ ಮತ್ತೆ ಒಡೆಯುತ್ತಿದ್ದಳು.

ಆ ಸಂಜೆ ನಿಮ್ಮ ಕಾಗದ ತಂದು ನನ್ನ ಮುಂದಿಟ್ಟು, "ಅಪ್ಪ ಕೇಳು ಅಂದಿದ್ರು, ನನಗೆ ಕೇಳಕ್ಕಾಗ್ಲಿಲ್ಲ" ಅಂದಳು. ಓದಿದೆ. ನನ್ನ ಬಗ್ಗೆ ಇಷ್ಟು ನೇರವಾಗಿ ಯಾರೂ ಬರೆದಿರಲಿಲ್ಲ. ಸೈನ್ಯದ ವೈದ್ಯರು ನಾಲ್ಕು ಪುಟದಲ್ಲಿ ಸುತ್ತಿ ಸುತ್ತಿ ಬರೆದದ್ದನ್ನು ನೀವು ಒಂದೇ ಸಾಲಿನಲ್ಲಿ ಕೇಳಿದ್ದೀರಿ.

ಈಗ ಮಂಗಳವಾರಕ್ಕೊಮ್ಮೆ ಒಬ್ಬ ಡಾಕ್ಟರನ್ನು ನೋಡುತ್ತಿದ್ದೇನೆ. ಕೋವಿ ಅಂಗಡಿಯಲ್ಲೇ ಇದೆ. ಅದು ಈ ಮನೆಯಲ್ಲಿ ಇರುವುದು ಬೇಡ ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಬೀರುವಿನಲ್ಲಿ ರೋನಾ ಜಾಮ್ ಬಾಟಲಿ ಇಟ್ಟಿದ್ದಾಳೆ, ಬೀಗ ಹಾಕಿ. ಆದರೆ ಮೊಲಗಳಿಗೆ ನಮ್ಮ ತೀರ್ಮಾನ ತಿಳಿಯಲಿಲ್ಲ. ಕೆಳಗಿನ ಎರಡು ಸಾಲು ಹೋಯಿತು. ಉಳಿದ ಗಿಡಗಳಿಗೆ ಪ್ಲಾಸ್ಟಿಕ್ ಸುತ್ತುತ್ತಾ ಇದ್ದೇನೆ.

ಕೇಳುವುದು ಇಷ್ಟೇ. ಕೋವಿಯನ್ನು ನಿಮ್ಮ ಹೆಸರಿಗೆ ಮಾಡಿಸಿ, ನಿಮ್ಮ ಬೀರುವಿನಲ್ಲಿ ಇಟ್ಟುಕೊಂಡು, ಆಗಾಗ ನೀವೇ ತಂದು ಹೊಡೆದು ಕೊಡುತ್ತೀರಾ? ಮದುವೆಗೆ ಬರದವರು ಮೊಲಕ್ಕೆ ಬರುತ್ತಾರಾ ಎಂದು ರೋನಾಗೆ ಅನುಮಾನ. ಕೇಳಿ ನೋಡೋಣ ಎಂದು ನಾನು ಬರೆದೆ.

ಇಂತಿ,
ರೆವಿ


ರಿವರ್ಟನ್
ಜುಲೈ 31

ರೆವಿಗೆ,

ಬರುತ್ತೇನೆ.

ಅಂಗಡಿಯವನಿಗೆ ಬರೆದಿದ್ದೇನೆ. ದಾರಿಯಲ್ಲಿ ಕೋವಿ ತೆಗೆದುಕೊಂಡು ಬರುತ್ತೇನೆ, ಹೋಗುವಾಗ ನನ್ನ ಜೊತೆಗೇ ಹೋಗುತ್ತದೆ. ಅಲ್ಲಿ ಇರುವಷ್ಟು ದಿನ ಬೋಲ್ಟ್ ನನ್ನ ಜೇಬಿನಲ್ಲಿರುತ್ತದೆ, ರಾತ್ರಿ ಕೋವಿ ಪಕ್ಕದವನ ಬೀರುವಿನಲ್ಲಿ. ಪಕ್ಕದವನನ್ನು ಕೇಳಿ ಒಪ್ಪಿಸು. ನಿನಗೆ ಬೇಸರವಾಗುವುದಾದರೆ ಈಗಲೇ ಹೇಳು, ಆದರೆ ನಾನು ಬದಲಾಯಿಸುವುದಿಲ್ಲ.

ನನಗೆ ಹಿಂದಿನಿಂದ ಕರೆದರೆ ಕೇಳುವುದಿಲ್ಲ. ಹೆಗಲು ತಟ್ಟು. ನಾನು ಹೊಡೆಯುವಾಗ ಮಾತ್ರ ತಟ್ಟಬೇಡ. ನೀನು ಎಲ್ಲಿ ನಿಲ್ಲುತ್ತೀ ಎಂದು ನೀನೇ ಹೇಳು. ಮನೆಯೊಳಗೆ ಇರುತ್ತೇನೆ ಎಂದರೆ ಅದೂ ಸರಿ.

ಕುರಿಮಾಂಸದ ಪೈ ತರುತ್ತೇನೆ. ರೋನಾ ಮಾಡುವುದು ನನಗೆ ಗೊತ್ತು, ಹಿಟ್ಟು ಗಟ್ಟಿ.

ಡಗಲ್ ಮೆಕ್ರೇ


ಅಲೆಕ್ಸಾಂಡ್ರಾ
ಸೆಪ್ಟೆಂಬರ್ 27

ಅಪ್ಪಾ,

ನೀನು ಬಂದು ಹೋದ ಮೇಲೆ ಬರೆಯುತ್ತೇನೆ ಎಂದಿದ್ದೆ, ತಡವಾಯಿತು. ಚಳಿ ಮುಗಿದು ವಸಂತ ಬಂತು, ಹೂ ಬಿಟ್ಟಿದೆ. ಮೇಲಿನ ಸಾಲುಗಳು ಉಳಿದವು. ಕೆಳಗೆ ಹೊಸ ಸಸಿ ಹಾಕುತ್ತಿದ್ದೇವೆ.

ಮೊದಲ ಸಂಜೆ ನೀನು ಹೊಡೆದಾಗ ಏನಾಯಿತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ನಿನಗೆ ಕೇಳಿಸಲಿಲ್ಲವಲ್ಲ. ನಾನು ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದೆ. ರೆವಿ ನಿನ್ನ ಹಿಂದೆ, ಹಳೇ ಮರವೊಂದನ್ನು ತಬ್ಬಿಕೊಂಡ ಹಾಗೆ ಹಿಡಿದಿದ್ದ. ನೀನು ಹೊಡೆದೆ. ಪಕ್ಕದ ಕೋಣೆಯಲ್ಲಿ ಯಾರೋ ಬೀರುವಿನ ಬಾಗಿಲು ಮುಚ್ಚಿದ ಹಾಗೆ ಒಂದು ಟಪ್, ಅಷ್ಟೇ. ಆಮೇಲೆ ಗುಂಡು ಮೊಲಕ್ಕೆ ತಾಗಿದ ಸದ್ದು, ಅದೇ ಇದಕ್ಕಿಂತ ದೊಡ್ಡದಿತ್ತು. ರೆವಿ, "ಇಷ್ಟೇನಾ?" ಎಂದ. ಎಂದವನೇ ನೆಲಕ್ಕೆ ಕುಸಿದು ಕೂತ. ನಾನು ಓಡಿಹೋದೆ. "ಏನಿಲ್ಲ ಕಣೇ. ಕಿವಿಗೆ ಗೊತ್ತಾಯ್ತು, ಕಾಲಿಗೆ ಇನ್ನೂ ಗೊತ್ತಾಗಿಲ್ಲ" ಎಂದು ನಕ್ಕ. ಅಷ್ಟರಲ್ಲಿ ನೀನು ತಿರುಗಿ, "ಏನಂತೆ? ಬಿತ್ತಾ? ಬಿತ್ತೋ ಇಲ್ವೋ?" ಎಂದು ಕೂಗಿದೆ. ಉಳಿದ ಮೊಲಗಳೆಲ್ಲ ಪೇರಿ ಕಿತ್ತದ್ದು ಕೋವಿಗಲ್ಲ, ನಿನ್ನ ಗಂಟಲಿಗೆ.

ಇನ್ನೊಂದು ವಿಷಯವಿದೆ. ಕೊನೆಯ ದಿನ ಸಂಜೆ ನೀನು ಬೋಲ್ಟ್ ಜೇಬಿಗೆ ಹಾಕಿಕೊಂಡು ಸಾಲಿನುದ್ದಕ್ಕೂ ಹೊಡೆದ ಮೊಲ ಆರಿಸುತ್ತಾ ಹೋದೆ, ರೆವಿ ಚೀಲ ಹಿಡಿದು ನಿನ್ನ ಹಿಂದೆ. ನಾನು ಪಕ್ಕದ ಸಾಲಿನಲ್ಲಿ ಬಗ್ಗಿ ಕೂತು ಪ್ಲಾಸ್ಟಿಕ್ ಬಿಗಿಯುತ್ತಿದ್ದೆ, ಅವನಿಗೆ ನಾನು ಕಾಣುತ್ತಿರಲಿಲ್ಲ. ಅವನು ಮಾತಾಡುತ್ತಿದ್ದ. ನಿನ್ನ ಬೆನ್ನಿಗೆ. ಸೈನ್ಯದಲ್ಲಿ ನಡೆದದ್ದನ್ನೆಲ್ಲ, ಸತ್ತ ಇಬ್ಬರು ಗೆಳೆಯರ ಹೆಸರು ಹಿಡಿದು, ಒಂದೊಂದಾಗಿ. ಈ ಆರು ವರ್ಷದಲ್ಲಿ ನನಗೆ ಹೇಳದೇ ಇದ್ದದ್ದು. ನೀನು ನಡುನಡುವೆ "ಹೂಂ, ಹೂಂ" ಎನ್ನುತ್ತಾ ಮುಂದೆ ಹೋಗುತ್ತಿದ್ದೆ. ನಿನಗೆ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ. ಏನು ಹೇಳಿದ ಎಂದು ನಾನು ಬರೆಯುವುದಿಲ್ಲ. ಅದು ಅವನದು. ಕೇಳಿಸಿಕೊಂಡೆ ಎಂದು ಮಾತ್ರ ಮರುದಿನ ಅವನಿಗೆ ಹೇಳಿದೆ. "ಒಳ್ಳೇದಾಯ್ತು, ಎರಡನೇ ಸಲ ಹೇಳೋ ಕಷ್ಟ ತಪ್ಪಿತು" ಎಂದ.

ಈ ವಾರ ಚೆನ್ನಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಶೆಡ್ಡಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದೆ. ಬಂದು ಬಾಗಿಲಲ್ಲಿ ನಿಂತ. ಬೂಟು ಹಾಕಿರಲಿಲ್ಲ. "ರೋನಾ, ಇವತ್ತು ಸರಿಯಿಲ್ಲ. ಒಬ್ನೇ ಇರಕ್ಕಾಗಲ್ಲ" ಎಂದ. ನನ್ನ ಮುಖ ನೋಡಿಕೊಂಡೇ ಹೇಳಿದ. ನಾನು ಕೇಳಿರಲಿಲ್ಲ, ಅಪ್ಪ. ಅವನಾಗೇ ಬಂದು ಹೇಳಿದ. ಕೈಯಲ್ಲಿದ್ದದ್ದನ್ನು ಬಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಬದಲಾಯಿಸಿದರು. ಈಗ ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದಾನೆ, ನಾಯಿ ಅವನ ಕಾಲ ಮೇಲೆ ಮಲಗಿದೆ, ಎಬ್ಬಿಸಲು ಬಿಡುತ್ತಿಲ್ಲ. ನನಗೆ ಭಯವಾಗಿದೆ. ಆದರೂ ಏಪ್ರಿಲಿನಲ್ಲಿ ಆದಷ್ಟು ಇಲ್ಲ.

ಮೊಲ ಸದ್ಯಕ್ಕೆ ಕಡಿಮೆ. ಹುಲ್ಲು ಬಂದಿದೆ, ಗಿಡಕ್ಕೆ ಬಾಯಿ ಹಾಕುತ್ತಿಲ್ಲ.

ರೋನಾ


ರಿವರ್ಟನ್
ಅಕ್ಟೋಬರ್ 3

ರೋನಾಗೆ,

ಅವನು ಮಾತಾಡುತ್ತಿದ್ದದ್ದು ನನಗೆ ಗೊತ್ತಿತ್ತು. ಬಿಸಿಲು ನಮ್ಮ ಬೆನ್ನ ಹಿಂದಿತ್ತು, ಅವನ ನೆರಳು ನನ್ನ ಕಾಲ ಮುಂದೆ ಬಿದ್ದಿತ್ತು. ನೆರಳಿನ ಕೈ ಆಡುತ್ತಿತ್ತು. ಮೊಲದ ವಿಷಯಕ್ಕೆ ಯಾರೂ ಅಷ್ಟು ಕೈ ಆಡಿಸುವುದಿಲ್ಲ. ತಿರುಗಿ ನೋಡಿದರೆ ನಿಲ್ಲಿಸಿಬಿಡುತ್ತಾನೆ ಅನ್ನಿಸಿತು. ಅದಕ್ಕೇ ಹೂಂ ಎನ್ನುತ್ತಾ ನಡೆದೆ.

ಶುಕ್ರವಾರ ಬೆಳಿಗ್ಗೆ ಹೊರಡುತ್ತೇನೆ, ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇನೆ. ಎಷ್ಟು ದಿನ ಎಂದು ಗೊತ್ತು ಮಾಡಿಕೊಂಡಿಲ್ಲ. ರೆವಿಗೆ ಹೇಳು.

ಕೋವಿ ತರುತ್ತಿಲ್ಲ.

ಅಪ್ಪ